ಮೊದಲು ಕಲ್ಲು, ಆಮೇಲೆ ಪಿನ್ನು

ಮನನಕ್ಕೆ: ಯೊವಾನ್ನ 19:25-27



ಕಾರ್ಕಳ ಸೀಮೆಯ ಗುಡ್ಡದ ಮಗ್ಗುಲಲ್ಲಿರುವ ಒಂದು ಇಗರ್ಜಿಯಲ್ಲಿ ನಾನು ಸೇವೆ ಮಾಡುತ್ತಿದ್ದ ದಿನಗಳ ಮಾತು. ಮುಖ್ಯ ರಸ್ತೆಯಿಂದ ಗುರುನಿವಾಸಕ್ಕೆ ಏರುವ ದಾರಿ ಎಷ್ಟು ಕಡಿದಾಗಿತ್ತೆಂದರೆ, ಜಪಸರಕ್ಕೆ ಬರುವ ಅಜ್ಜಿಯಂದಿರು ಅರ್ಧ ದಾರಿಯಲ್ಲಿ ಹಲಸಿನ ಮರದ ಬುಡದಲ್ಲಿ ಕುಳಿತು ಒಂದು ರಹಸ್ಯವನ್ನು ಅಲ್ಲಿಯೇ ಮುಗಿಸಿ ಮೇಲೆ ಬರುತ್ತಿದ್ದರು. ಒಂದು ಮೇ ತಿಂಗಳ ಕೊನೆಯಲ್ಲಿ ಹಿತ್ತಿಲ ಕಟ್ಟೆ ಜರಿಯಿತು. ಮಳೆ ಹಿಡಿಯುವ ಮೊದಲು ಕಟ್ಟಿಸಬೇಕೆಂದು ಒಂದು ಟ್ರೈಲರ್ ಕೆಂಪುಕಲ್ಲು ತರಿಸಿದೆ.

ಮೇಲೆ ಟ್ರ್ಯಾಕ್ಟರ್ ತಿರುಗಿಸುವಷ್ಟು ಜಾಗವಿಲ್ಲ. ಆದ್ದರಿಂದ ಕೆಳಗಿನಿಂದಲೇ ರಿವರ್ಸ್‌ನಲ್ಲಿ ಟ್ರೈಲರನ್ನು ಏರು ಹತ್ತಿಸಬೇಕು. ಹತ್ತಿಸಿ, ಟ್ರೈಲರನ್ನು ಅಲ್ಲಿಯೇ ಕಳಚಿ ಬಿಟ್ಟು, ಟ್ರ್ಯಾಕ್ಟರ್ ಬೇರೆ ಕೆಲಸಕ್ಕೆ ಹೋಗಬೇಕು. ಚಾಲಕರು ಅರುವತ್ತು ದಾಟಿದ ಅನುಭವಿ. ಎರಡು ಸಲ ತಪ್ಪಿ, ಮೂರನೆಯ ಸಲ ನೇರವಾಗಿ ಮೇಲೆ ತಂದು ನಿಲ್ಲಿಸಿದರು. ಅಷ್ಟರಲ್ಲಿ ನನಗೆ ಮಣಿಪಾಲದ ಆಸ್ಪತ್ರೆಯಿಂದ ಫೋನು ಬಂತು. ನಮ್ಮ ವಾಳೆಯ ಹಿರಿಯರೊಬ್ಬರು ಕೊನೆಯ ಗಳಿಗೆಯಲ್ಲಿದ್ದಾರೆ, ಅಭ್ಯಂಗ ಸಂಸ್ಕಾರಕ್ಕೆ ಕೂಡಲೇ ಬನ್ನಿ ಎಂದು. ನನ್ನ ಬೈಕು ಟ್ರ್ಯಾಕ್ಟರಿನ ಮೇಲ್ಗಡೆ ಸಿಕ್ಕಿಕೊಂಡಿತ್ತು. ದಾರಿ ಬಿಡಿಸದೆ ನಾನು ಹೊರಡುವಂತಿರಲಿಲ್ಲ.

"ದೊಡ್ಡ ಕಲ್ಲು ಎರಡು ಕೊಡಿ ಫಾದರ್, ಸ್ವಲ್ಪ ನಿಲ್ಲಿ," ಎಂದರು ಚಾಲಕರು.

ಟ್ರೈಲರ್ ತುಂಬ ಕಲ್ಲೇ ಇತ್ತು. ಅದರಲ್ಲಿ ಎರಡನ್ನು ಇಳಿಸಿ ಗಾಲಿಗೆ ಕೊಡುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಜರಿದ ಕಟ್ಟೆಯ ಒಂದು ತುಂಡನ್ನು ಕಾಲಿನಿಂದಲೇ ಗಾಲಿಯ ಅಡಿಗೆ ನೂಕಿ, "ಇದು ಸಾಕು, ಕಳಚಿ," ಎಂದೆ. ಕೊಂಡಿಯ ಪಿನ್ನು ಬಿಗಿದುಕೊಂಡಿತ್ತು, ಬರಲಿಲ್ಲ. ಸಹಾಯಕ ಹುಡುಗನಿಗೆ, "ಸುತ್ತಿಗೆಯಲ್ಲಿ ಹೊಡಿ," ಎಂದೆ. ಚಾಲಕರು ಏನೋ ಹೇಳಲು ಬಾಯಿ ತೆರೆದವರು, ಪಾದ್ರಿಗಳ ಮಾತಿಗೆ ಎದುರಾಡುವುದು ಹೇಗೆಂದು ಸುಮ್ಮನಾದರು. ಹುಡುಗ ಹೊಡೆದ. ಪಿನ್ನು ಹಾರಿತು. ಟ್ರ್ಯಾಕ್ಟರ್ ಮುಂದೆ ಸರಿಯಿತು. ಟ್ರೈಲರ್ ಅದರ ಬೆನ್ನಿಗೇ ಹೊರಟಿತು.

ನಾನು ಇಟ್ಟ ಕಲ್ಲು ಒಣ ಬಿಸ್ಕತ್ತಿನಂತೆ ಪುಡಿಯಾಯಿತು. ಚಾಲಕರು ಸ್ಟೇರಿಂಗ್ ತಿರುಗಿಸಿ ಟ್ರ್ಯಾಕ್ಟರನ್ನು ಪಕ್ಕಕ್ಕೆ ತೆಗೆದುಕೊಂಡದ್ದರಿಂದ ಅವರು ಉಳಿದರು. ಟ್ರೈಲರಿನ ಮೂತಿ ನೆಲಕ್ಕೆ ಬಿದ್ದು, ದಾರಿಯನ್ನು ಉಳುತ್ತಾ ಹೋಗಿ, ಓರೆಯಾಗಿ ಆವರಣದ ಗೋಡೆಗೆ ಬಡಿದು ನಿಂತಿತು. ಆ ಗೋಡೆಯ ಬುಡದಲ್ಲಿ ಒಂದು ನಳ್ಳಿ ಇದೆ. ಧರ್ಮೋಪದೇಶದ ತರಗತಿಯ ಒಬ್ಬ ಹುಡುಗ ಅಲ್ಲಿ ನೀರು ಕುಡಿದು, ಬಾಯಿ ಒರೆಸಿಕೊಂಡು ಆಗಷ್ಟೇ ಮೇಲೆ ಬಂದಿದ್ದ.

ಯಾರಿಗೂ ಏನೂ ಆಗಲಿಲ್ಲ. ಆದರೆ ಆ ನಳ್ಳಿ ಮುರಿದು ನೀರು ಚಿಮ್ಮುತ್ತಿದ್ದುದನ್ನು ನಾನು ಈಗಲೂ ಕನಸಿನಲ್ಲಿ ಕಾಣುವುದುಂಟು.

ಚಾಲಕರು ಬೈಯಲಿಲ್ಲ. ಬಂದು ನನ್ನ ಪಕ್ಕದಲ್ಲಿ ನಿಂತು ಇಷ್ಟೇ ಹೇಳಿದರು: "ಪಿನ್ನು ಬಿಗಿ ಉಂಟು ಅಂದ್ರೆ ಭಾರ ಇನ್ನೂ ನಮ್ಮ ಮೇಲೆಯೇ ಉಂಟು ಅಂತ ಅರ್ಥ, ಫಾದರ್. ಭಾರ ಕಲ್ಲಿನ ಮೇಲೆ ಕೂತರೆ ಪಿನ್ನು ಬೆರಳಲ್ಲಿ ಬರ್ತದೆ."

ಮಣಿಪಾಲಕ್ಕೆ ಹತ್ತು ನಿಮಿಷ ಬೇಗ ತಲಪಬೇಕೆಂದು ಅವಸರ ಮಾಡಿದ ನಾನು ಒಂದೂವರೆ ಗಂಟೆ ತಡವಾಗಿ ತಲಪಿದೆ. ದೇವರ ದಯೆ, ಆ ಹಿರಿಯರಿಗೆ ಇನ್ನೂ ಉಸಿರಿತ್ತು.

ಇನ್ನೊಂದು ಪಿನ್ನು

ಪ್ರಿಯರೇ, ಆ ಚಾಲಕರ ಮಾತು ನನ್ನನ್ನು ಬಿಡದೆ ಹಿಂಬಾಲಿಸಿತು. ಏಕೆಂದರೆ ಅದಕ್ಕೆ ಎರಡು ತಿಂಗಳ ಹಿಂದೆ ಇನ್ನೊಂದು ಮನೆಯಲ್ಲಿ ಇನ್ನೊಂದು ಪಿನ್ನನ್ನು ನಾನೇ ಹೊಡೆಸಿದ್ದೆ. ಆ ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ವಿಧವೆ ತಾಯಿ, ಒಬ್ಬನೇ ಮಗ, ಮದುವೆಯಾಗಿ ಎರಡು ವರ್ಷ. ಅತ್ತೆ ಸೊಸೆಗೆ ಹೊಂದಿಕೆಯಾಗಲಿಲ್ಲ. ಯಾರೂ ಕೆಟ್ಟವರಲ್ಲ, ಒಂದೇ ಅಡುಗೆಮನೆಯಲ್ಲಿ ಎರಡು ಕೈಗುಣ. ಒಂದು ರಾತ್ರಿ ಮಗ ನನ್ನ ಬಳಿ ಬಂದ. ಅಂದು ನನಗೆ ದಣಿವಾಗಿತ್ತು. ಮನುಷ್ಯನು ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳಬೇಕೆಂಬ ಆದಿಕಾಂಡದ ಎರಡನೆಯ ಅಧ್ಯಾಯದ ಬೋಧನೆಯನ್ನು ನೆನಪಿಸಿ, "ಬೇರೆ ಮನೆ ಮಾಡು, ಎಲ್ಲಾ ಸರಿಹೋಗ್ತದೆ," ಎಂದು ಹೇಳಿ ಕಳುಹಿಸಿದೆ. ವಾರದೊಳಗೆ ಅವರು ಉಡುಪಿಯಲ್ಲಿ ಬಾಡಿಗೆ ಮನೆ ಹಿಡಿದರು.

ನನ್ನ ಸಲಹೆ ತಪ್ಪಲ್ಲ. ಆದರೆ ಗಾಲಿಯ ಅಡಿಗೆ ಕಲ್ಲು ಇಟ್ಟಿದೆಯೇ ಎಂದು ನಾನು ಕೇಳಲಿಲ್ಲ. ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ ಯಾರು ತರುತ್ತಾರೆ, ಪಂಪು ಕೆಟ್ಟರೆ ಯಾರು ನೋಡುತ್ತಾರೆ, ಬ್ಯಾಂಕಿಗೆ ಯಾರು ಕರೆದುಕೊಂಡು ಹೋಗುತ್ತಾರೆ, ಸಂಜೆಯ ಜಪಸರಕ್ಕೆ ಅವಳ ಎದುರು ಯಾರು ಮೊಣಕಾಲೂರುತ್ತಾರೆ, ಇದ್ಯಾವುದನ್ನೂ ಮಗ ಕೇಳಲಿಲ್ಲ, ನಾನೂ ಕೇಳಲಿಲ್ಲ. ತಾಯಿ ಭಾನುವಾರದ ಬಲಿಪೂಜೆಗೆ ಬರುವುದನ್ನು ನಿಲ್ಲಿಸಿದ್ದು ನನ್ನ ಗಮನಕ್ಕೆ ಬರಲು ಮೂರು ಭಾನುವಾರ ಬೇಕಾಯಿತು. ಹೋಗಿ ನೋಡಿದರೆ ದಿನಕ್ಕೊಮ್ಮೆ ಗಂಜಿ ಕುಡಿದು ಮಲಗಿದ್ದಾಳೆ. "ಒಬ್ಬಳಿಗೆ ಎಂಥ ಅಡುಗೆ ಫಾದರ್? ಮಗ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಹೋಗುವ ಮೊದಲು ಒಂದು ಸಲ ಎದುರು ಕೂತು ಮಾತಾಡಿದ್ದರೆ ಸಾಕಿತ್ತು," ಎಂದಳು.

ಆ ತಾಯಿಯ ಮನೆಯಿಂದ ಇಳಿದು ಬರುವಾಗ ನನಗೆ ಸೆಮಿನರಿಯ ಒಂದು ಪಾಠ ನೆನಪಾಯಿತು. ವಿವೇಕ ಎಂಬ ಸದ್ಗುಣಕ್ಕೆ ಮೂರು ಕೆಲಸಗಳಿವೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸುತ್ತಾರೆ: ಆಲೋಚಿಸುವುದು, ನಿರ್ಣಯಿಸುವುದು, ಕಾರ್ಯಕ್ಕೆ ಆಜ್ಞೆ ಕೊಡುವುದು. ಆಲೋಚನೆ ನಿಧಾನವಾಗಿರಬೇಕು, ಆಮೇಲೆ ಕಾರ್ಯ ಚುರುಕಾಗಿರಬೇಕು. ಪರೀಕ್ಷೆಯಲ್ಲಿ ಇದನ್ನು ಬರೆದು ನಾನು ಒಳ್ಳೆಯ ಅಂಕ ಪಡೆದಿದ್ದೆ. ಆದರೆ ಆ ದಾರಿಯಲ್ಲೂ ಈ ಮನೆಯಲ್ಲೂ ನಾನು ಮಾಡಿದ್ದು ಮೂರನೆಯ ಕೆಲಸ ಒಂದನ್ನೇ. ನನಗೆ ಉಳಿದ ಎರಡನ್ನು ಕಲಿಸಿದವರು ಟ್ರ್ಯಾಕ್ಟರ್ ಚಾಲಕರು. ಅವರಿಂದ ಕಲಿತದ್ದನ್ನು ಕ್ರಮವಾಗಿ ನಿಮ್ಮ ಮುಂದಿಡುತ್ತೇನೆ.

ಎಳೆದರೆ ಬರುತ್ತದೆ, ನೂಕಿದರೆ ಓರೆಯಾಗುತ್ತದೆ

ಟ್ರೈಲರನ್ನು ಮುಂದಿನಿಂದ ಎಳೆಯುವುದು ಸುಲಭ. ಟ್ರ್ಯಾಕ್ಟರ್ ಹೋದ ದಾರಿಯಲ್ಲಿ ಅದು ತಾನೇ ಹಿಂಬಾಲಿಸುತ್ತದೆ. ಅದನ್ನೇ ಹಿಂದಕ್ಕೆ ನೂಕಿ ನೋಡಿ. ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಎಡಕ್ಕೆ. ಎಡಕ್ಕೆ ಹೋಗಬೇಕಾದರೆ ಬಲಕ್ಕೆ. ವಿದೇಶದಲ್ಲಿ ಕಾರಿನ ಹಿಂದೆ ಮನೆಯಂಥ ಟ್ರೈಲರ್ ಕಟ್ಟಿಕೊಂಡು ರಜೆಗೆ ಹೋಗುವವರಿಗೆ ಒಂದು ಉಪಾಯ ಕಲಿಸುತ್ತಾರೆ: ಸ್ಟೇರಿಂಗನ್ನು ಮೇಲ್ಗಡೆ ಹಿಡಿಯದೆ ಕೆಳಗಡೆ ಹಿಡಿದುಕೊಳ್ಳಿ, ಆಗ ಕೈ ಹೋದ ಕಡೆಗೇ ಟ್ರೈಲರಿನ ಹಿಂಭಾಗ ಹೋಗುತ್ತದೆ. ಆದರೂ ನಿಧಾನ ಬೇಕು. ಸ್ವಲ್ಪ ತಿರುಗಿಸಿ, ಕಾದು, ನೋಡಿ, ಮತ್ತೆ ಸ್ವಲ್ಪ. ಒಮ್ಮೆಲೇ ಜೋರಾಗಿ ತಿರುಗಿಸಿದರೆ ಟ್ರ್ಯಾಕ್ಟರೂ ಟ್ರೈಲರೂ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಆಮೇಲೆ ಎಷ್ಟು ನೂಕಿದರೂ ಹಾನಿಯೇ ಹೊರತು ಹಾದಿಯಿಲ್ಲ.

ಮನೆಯಲ್ಲಿಯೂ ಹೀಗೆಯೇ ಅಲ್ಲವೇ? ತಂದೆ ತಾನು ಮುಂದೆ ನಡೆದರೆ ಮಕ್ಕಳು ಹಿಂದೆ ಬರುತ್ತಾರೆ. ತಾನು ಟಿ.ವಿ. ಎದುರು ಕುಳಿತು, "ಹೋಗು, ಜಪ ಮಾಡು," ಎಂದು ನೂಕಿದರೆ ಮಗು ಓರೆಯಾಗುತ್ತದೆ. ನೂಕಿದಷ್ಟೂ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಒಳ್ಳೆಯ ಕುರುಬನು ಕುರಿಗಳ ಮುಂದೆ ನಡೆಯುತ್ತಾನೆ, ಅವು ಅವನ ದನಿ ಗುರುತಿಸಿ ಹಿಂಬಾಲಿಸುತ್ತವೆ ಎಂದು ಯೇಸುಸ್ವಾಮಿ ಯೊವಾನ್ನನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಹೇಳಿದ್ದು ಇದಕ್ಕೇ. ನೂಕಲೇಬೇಕಾದ ಸಮಯವೂ ಬರುತ್ತದೆ. ತಪ್ಪು ದಾರಿ ಹಿಡಿದ ಮಗನನ್ನು ಹಿಂದಕ್ಕೆ ತರಬೇಕಾಗುತ್ತದೆ. ಆಗ ಸಣ್ಣ ತಿದ್ದುಪಡಿ, ದೊಡ್ಡ ತಾಳ್ಮೆ.

ಅಂದು ಮೊದಲ ಸಲ ಟ್ರೈಲರ್ ಓರೆಯಾದಾಗ ಚಾಲಕರು ನಾಚದೆ ಟ್ರ್ಯಾಕ್ಟರನ್ನು ಮುಂದಕ್ಕೆ, ಕೆಳಗಿನ ರಸ್ತೆಯವರೆಗೆ ತೆಗೆದುಕೊಂಡು ಹೋಗಿ, ನೇರ ಮಾಡಿಕೊಂಡು, ಮತ್ತೆ ಆರಂಭಿಸಿದರು. ನೋಡುತ್ತಿದ್ದ ಹುಡುಗರು ನಕ್ಕರು. ಅವರು ಹೇಳಿದರು: "ಮುಂದೆ ಹೋಗಿ ಸರಿ ಮಾಡಿದ್ರೆ ಮಾನ ಹೋಗುದಿಲ್ಲ ಮಾರಾಯ್ರೇ, ಗೋಡೆಗೆ ತಾಗಿದ್ರೆ ಹೋಗ್ತದೆ." ಪಾಪನಿವೇದನೆ ಎಂದರೆ ಇದೇ. ಮಡಚಿಕೊಂಡ ಸಂಬಂಧವನ್ನು ಇನ್ನಷ್ಟು ನೂಕದೆ, "ನನ್ನಿಂದ ತಪ್ಪಾಯಿತು, ಮೊದಲಿನಿಂದ ನೋಡೋಣ," ಎನ್ನುವುದು. ಗಂಡ ಹೆಂಡತಿಯ ನಡುವೆ ಈ ಒಂದು ಮಾತು ಹೊತ್ತಿಗೆ ಸರಿಯಾಗಿ ಬಂದರೆ ಎಷ್ಟೋ ಗೋಡೆಗಳು ಉಳಿಯುತ್ತವೆ.

ಹಿಂದೆ ನಿಂತು ಹೇಳುವವನು ಒಬ್ಬನೇ ಇರಲಿ

ಎರಡನೆಯ ಸಲ ತಪ್ಪಿದ್ದು ನಮ್ಮಿಂದ. ಹಿಂದೆ ನಿಂತ ನಾವು ಐದು ಜನ, ಐದು ಬಾಯಿ. ಒಬ್ಬ "ಬರಲಿ ಬರಲಿ" ಎಂದರೆ ಇನ್ನೊಬ್ಬ "ಸಾಕು ಸಾಕು". ಚಾಲಕರು ಎಂಜಿನನ್ನೇ ಬಂದ್ ಮಾಡಿದರು. "ಒಬ್ಬರು ಹೇಳಿ. ನನಗೆ ಕಾಣುವಲ್ಲಿ ನಿಂತು ಹೇಳಿ. ನೀವು ಕಾಣದಿದ್ದರೆ ನಾನು ನಿಲ್ಲಿಸ್ತೇನೆ," ಎಂದರು. ನೇರ ಹಿಂದೆ ಯಾರೂ ನಿಲ್ಲಬಾರದು, ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಯಾರೂ ನುಸುಳಬಾರದು, ಕಳಚುವಾಗ ಇಳಿಜಾರಿನ ಕೆಳಗೆ ಒಂದು ನಾಯಿಯೂ ಇರಬಾರದು ಎಂದೂ ಹೇಳಿದರು. ಕೊನೆಯ ಮಾತನ್ನು ನಾನು ಕೇಳಿಸಿಕೊಂಡಿದ್ದರೆ ನಳ್ಳಿಯ ಬಳಿ ಮಗು ಇದೆಯೇ ಎಂದು ನೋಡಿರುತ್ತಿದ್ದೆ.

ಹೊಸದಾಗಿ ಮದುವೆಯಾದ ಜೋಡಿಯ ಹಿಂದೆ ಎಷ್ಟು ಜನ ನಿಂತು ಕೂಗುತ್ತಾರೆಂದು ಎಣಿಸಿ ನೋಡಿ. ಹೆಣ್ಣಿನ ತಾಯಿ ಫೋನಿನಲ್ಲಿ, ಗಂಡಿನ ಅಕ್ಕ ಮುಂಬಯಿಯಿಂದ, ಚಿಕ್ಕಪ್ಪ ದುಬಾಯಿಯಿಂದ, ನೆರೆಮನೆಯವರು ಬೇಲಿಯಿಂದ. ಎಲ್ಲರದ್ದೂ ಪ್ರೀತಿಯೇ. ಆದರೆ ಐದು ದನಿ ಕೇಳಿದ ಚಾಲಕ ಯಾವ ದನಿಯನ್ನೂ ಕೇಳಲಾರ. ಸಲಹೆ ಕೊಡುವವರು ಕಾಣುವಲ್ಲಿ ನಿಲ್ಲಬೇಕು. ಮರೆಯಲ್ಲಿ ನಿಂತು ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳುವವರು ಅಪಾಯ. ಕಾಪುವಿನ ದೀಪಸ್ತಂಭ 1901ರಿಂದ ಅದೇ ಬಂಡೆಯ ಮೇಲೆ ನಿಂತಿದೆ. ಅದು ತೀರದುದ್ದಕ್ಕೂ ಓಡಾಡಿ ಕೂಗುವುದಿಲ್ಲ. ಒಂದು ಕಡೆ ನಿಂತು ಬೆಳಕು ತೋರಿಸುತ್ತದೆ. ಚುಕ್ಕಾಣಿ ಹಿಡಿಯುವ ಕೆಲಸವನ್ನು ದೋಣಿಯವನಿಗೇ ಬಿಡುತ್ತದೆ. ಅಜ್ಜ ಅಜ್ಜಿಯರೇ, ಅತ್ತೆ ಮಾವಂದಿರೇ, ಮತ್ತು ನನ್ನಂಥ ಪಾದ್ರಿಗಳೇ, ನಮ್ಮ ಕೆಲಸ ಅಷ್ಟೇ.

ಬಿಗಿದ ಪಿನ್ನನ್ನು ಹೊಡೆಯಬೇಡಿ

ಇಳಿಜಾರಿನಲ್ಲಿ ಕಳಚುವಾಗ ಪಿನ್ನು ಏಕೆ ಬಿಗಿಯುತ್ತದೆ? ಮೇಲೆ ನಿಂತ ಟ್ರೈಲರಿನ ಭಾರವೆಲ್ಲ ಕೆಳಗಿನ ಟ್ರ್ಯಾಕ್ಟರನ್ನು ಒತ್ತುತ್ತಿರುತ್ತದೆ, ಆ ಒತ್ತಡ ಪಿನ್ನಿನ ಮೇಲೆ ಬೀಳುತ್ತದೆ. ಸರಿಯಾದ ಕ್ರಮ ಇದು: ಗಾಲಿಗಳ ಇಳಿಜಾರಿನ ಬದಿಗೆ ಗಟ್ಟಿ ಕಲ್ಲು ಅಥವಾ ಮರದ ದಿಮ್ಮಿ ಒತ್ತಿ ಇಡಬೇಕು. ಮೂತಿಯ ಅಡಿಗೆ ಜಾಕ್ ಅಥವಾ ಸ್ಟ್ಯಾಂಡ್ ಗಟ್ಟಿ ನೆಲದಲ್ಲಿ ನಿಲ್ಲಿಸಬೇಕು. ಆಮೇಲೆ ಟ್ರ್ಯಾಕ್ಟರಿನ ಬ್ರೇಕನ್ನು ನಿಧಾನವಾಗಿ ಸಡಿಲಿಸಿ, ಅಂಗುಲದಷ್ಟು ಮುಂದೆ ಬಿಟ್ಟು, ಟ್ರೈಲರ್ ಕಲ್ಲಿನ ಮೇಲೆ ಕೂರುವಂತೆ ಮಾಡಬೇಕು. ಕೂತ ಮೇಲೆ ಪಿನ್ನು ತಾನಾಗಿ ಸಡಿಲವಾಗುತ್ತದೆ, ಬೆರಳಲ್ಲಿ ಬರುತ್ತದೆ. ಬರಲಿಲ್ಲವೆಂದರೆ ಕಲ್ಲು ಇನ್ನೂ ಭಾರ ಹೊತ್ತಿಲ್ಲ. ಆಗ ನೋಡಬೇಕಾದದ್ದು ಕಲ್ಲನ್ನು, ಸುತ್ತಿಗೆಯನ್ನು ಹುಡುಕುವುದಲ್ಲ.

ತಾಯಿ ಮಗನನ್ನು ಬಿಡಲೊಲ್ಲಳು ಎನ್ನುತ್ತೇವೆ. ಹಟಮಾರಿ ಎನ್ನುತ್ತೇವೆ. ಅವಳ ಹಟಕ್ಕೆ ಸುತ್ತಿಗೆ ಎತ್ತುತ್ತೇವೆ. ಆದರೆ ಆ ಬಿಗಿ ಏನು ಹೇಳುತ್ತಿದೆ? "ನನ್ನ ಭಾರ ಇಡಲು ಬೇರೆ ಜಾಗ ಕೊಟ್ಟಿಲ್ಲವಲ್ಲ," ಎಂದು ಹೇಳುತ್ತಿದೆ. ಮಾವ ಆಸ್ತಿಯ ಕಾಗದಕ್ಕೆ ಸಹಿ ಹಾಕಲೊಲ್ಲ, ಮಗಳು ತವರು ಬಿಡಲೊಲ್ಲಳು, ಹಳೆಯ ಗುರ್ಕಾರರು ಹುದ್ದೆ ಬಿಡಲೊಲ್ಲರು. ಎಲ್ಲ ಬಿಗಿತವೂ ದುರಾಸೆಯಲ್ಲ, ಹೆಚ್ಚಿನದು ಭಯ.

ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರ 2016ರಲ್ಲಿ ಬಸಿಲಿಕದ ಗೌರವ ಪಡೆಯಿತು. ಅದರ ಬಗ್ಗೆ ಹಿರಿಯರು ಹೇಳುವ ಐತಿಹ್ಯ ನಿಮಗೆ ಗೊತ್ತಿದೆ. ಶ್ರೀರಂಗಪಟ್ಟಣದ ಸೆರೆಯ ದಿನಗಳು ಮುಗಿದ ಮೇಲೆ, ಇಗರ್ಜಿಗೆ ಜಾಗ ಹುಡುಕುತ್ತಾ ಸಂತರ ಪುಟ್ಟ ಮರದ ಪ್ರತಿಮೆಯನ್ನು ಹೊತ್ತು ಹೊರಟವರು ಪರ್ಪಲೆ ಗುಡ್ಡದ ತಪ್ಪಲಲ್ಲಿ ದಣಿವಾರಿಸಿಕೊಳ್ಳಲು ಕುಳಿತರಂತೆ. ಎದ್ದು ಎತ್ತಲು ಹೋದರೆ ಪ್ರತಿಮೆ ಅಲುಗಲಿಲ್ಲ. ಅವರು ಅದನ್ನು ಕಿತ್ತು ಎಳೆಯಲಿಲ್ಲ. ನಿಂತರು, ಪ್ರಾರ್ಥಿಸಿದರು, ಇಲ್ಲಿಯೇ ಇಗರ್ಜಿ ಕಟ್ಟುತ್ತೇವೆಂದು ಗುರುಗಳು ಹರಕೆ ಹೊತ್ತರು. ಆಗ ಪ್ರತಿಮೆ ಹಗುರವಾಯಿತು. ಅಲುಗದ ವಸ್ತುವಿನ ಎದುರು ಮೊದಲು ಮೊಣಕಾಲೂರಿ ಕೇಳಬೇಕೆಂದು ನಮ್ಮ ಪೂರ್ವಜರಿಗೆ ಗೊತ್ತಿತ್ತು.

ತರುವುದು ಅರ್ಧ, ನಿಲ್ಲಿಸುವುದು ಅರ್ಧ

ಭಾರದ ವಿಷಯದಲ್ಲಿ ಕಾರ್ಕಳದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1432ರಲ್ಲಿ ವೀರಪಾಂಡ್ಯ ಭೈರರಸರು ನಿಲ್ಲಿಸಿದ ಸುಮಾರು 42 ಅಡಿಯ ಬಾಹುಬಲಿ ಇಂದಿಗೂ ಆ ಬೋಳು ಬಂಡೆಯ ಮೇಲಿದೆ. ನಮ್ಮ ಕಾಲದಲ್ಲಿಯೇ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಇನ್ನೊಂದು ಬಾಹುಬಲಿಯನ್ನು 1973ರಲ್ಲಿ ಹತ್ತಾರು ಗಾಲಿಗಳ ಟ್ರೈಲರಿನ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಒಯ್ದರು. ನೂರಾರು ಟನ್ನಿನ ಆ ಶಿಲೆಯ ಪಯಣವನ್ನು ದಾರಿಯ ಬದಿಯಲ್ಲಿ ನಿಂತು ನೋಡಿದ ಹಿರಿಯರು ಈಗಲೂ ಅದನ್ನು ಹೇಳುವಾಗ ಕಣ್ಣರಳಿಸುತ್ತಾರೆ. ಆದರೆ ಬೆಟ್ಟ ಏರಿದ ದಿನವೇ ಕೆಲಸ ಮುಗಿಯಲಿಲ್ಲ. ಮಲಗಿದ್ದ ಮೂರ್ತಿಯನ್ನು ಎಬ್ಬಿಸಿ ಪೀಠದ ಮೇಲೆ ನಿಲ್ಲಿಸಬೇಕಿತ್ತು. ಪ್ರತಿಷ್ಠೆಯ ಮಹಾಮಸ್ತಕಾಭಿಷೇಕ ನಡೆದದ್ದು 1982ರಲ್ಲಿ. ನಮ್ಮ ಜೈನ ಸಹೋದರರಿಂದ ನಾವು ಈ ತಾಳ್ಮೆಯನ್ನು ಕಲಿಯಬೇಕು. ಒಂದು ದೊಡ್ಡ ವಸ್ತು ತನ್ನ ಪಾದದ ಮೇಲೆ ತಾನು ನಿಲ್ಲುವವರೆಗೆ ಹಗ್ಗ ಬಿಡಬಾರದು.

ಮಕ್ಕಳನ್ನು ಓದಿಸಿ ಕೆಲಸಕ್ಕೆ ಹಚ್ಚುವುದು, ಮದುವೆ ಮಾಡಿಸುವುದು ಪಯಣದ ಅರ್ಧ. ಅವರು ತಮ್ಮ ಪಾದದ ಮೇಲೆ ನಿಲ್ಲುವುದು, ಮತ್ತು ಅವರು ಹೋದ ಮೇಲೆ ನಾವು ನಮ್ಮ ಪಾದದ ಮೇಲೆ ನಿಲ್ಲುವುದು ಇನ್ನರ್ಧ.

ಸರಪಳಿ ಕೊನೆಗೆ

ಒಳ್ಳೆಯ ಟ್ರೈಲರಿಗೆ ಪಿನ್ನಿನ ಜೊತೆ ಒಂದು ಸರಪಳಿಯೂ ಇರುತ್ತದೆ. ಪಿನ್ನು ಜಾರಿದರೂ ಟ್ರೈಲರ್ ಓಡಿಹೋಗದಂತೆ ಅದು ಹಿಡಿಯುತ್ತದೆ. ಕಳಚುವಾಗ ಸರಪಳಿಯನ್ನು ಕಟ್ಟಕಡೆಗೆ ತೆಗೆಯಬೇಕು, ಟ್ರೈಲರ್ ಕಲ್ಲಿನ ಮೇಲೆ ನಿಂತಿದೆಯೆಂದು ಖಾತ್ರಿಯಾದ ಮೇಲೆ.

ಲೂಕನ ಹದಿನೈದನೆಯ ಅಧ್ಯಾಯದ ತಂದೆಯನ್ನು ನೆನಪಿಸಿಕೊಳ್ಳಿ. ಕಿರಿಯ ಮಗ ಪಾಲು ಕೇಳಿದ; ತಂದೆ ಕೊಟ್ಟ. ಪಿನ್ನು ತೆಗೆದ. ಆದರೆ ಒಂದು ಸರಪಳಿಯನ್ನು ತೆಗೆಯಲಿಲ್ಲ. ಇಲ್ಲದಿದ್ದರೆ ಮಗ ಇನ್ನೂ ದೂರದಲ್ಲಿರುವಾಗಲೇ ಅವನನ್ನು ಕಂಡದ್ದು ಹೇಗೆ? ದಾರಿ ನೋಡುತ್ತಾ ಇದ್ದವನಿಗೆ ಮಾತ್ರ ಅದು ಸಾಧ್ಯ. ಆ ಸರಪಳಿ ಮಗನನ್ನು ಕಟ್ಟಿಹಾಕಲಿಲ್ಲ. ಅವನು ಹೋಗಬೇಕಾದಷ್ಟು ದೂರ ಹೋದ. ಆದರೆ ಹಂದಿಗಳ ನಡುವೆ ಕುಳಿತಾಗ ಅವನಿಗೆ ಎಳೆತ ತಿಳಿಯಿತು. ದಿವಂಗತ ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬದ ಬಗ್ಗೆ ಬರೆದ ಪ್ರೇಷಿತ ಪತ್ರದಲ್ಲಿ ಇದೇ ಅರ್ಥದ ಮಾತು ಹೇಳಿದ್ದಾರೆ: ಮಕ್ಕಳು ಈ ಕ್ಷಣ ಎಲ್ಲಿದ್ದಾರೆಂದು ಸದಾ ಹಿಡಿತದಲ್ಲಿಟ್ಟುಕೊಳ್ಳುವುದಲ್ಲ, ಅವರ ಮನಸ್ಸು ಎಲ್ಲಿದೆ ಎಂದು ತಿಳಿಯುವುದು ಮುಖ್ಯ. ಮೊದಲನೆಯದು ಕಾವಲು, ಎರಡನೆಯದು ಪ್ರೀತಿ.

ಶಿಲುಬೆಯ ಬುಡದಲ್ಲಿ

ಈಗ ಆರಂಭದಲ್ಲಿ ಸೂಚಿಸಿದ ಶುಭಸಂದೇಶಕ್ಕೆ ಬರೋಣ. ಯೇಸುಸ್ವಾಮಿ ಶಿಲುಬೆಯ ಮೇಲಿದ್ದಾರೆ. ಅವರ ಕೆಲಸ ಲೋಕದ ರಕ್ಷಣೆ; ಅದಕ್ಕಿಂತ ದೊಡ್ಡ ಕೆಲಸ ಯಾರಿಗೂ ಇರಲಾರದು. ಉಸಿರೆಳೆಯುವುದೇ ಹಿಂಸೆಯಾಗಿದೆ. ಆದರೂ ಪ್ರಾಣ ಬಿಡುವ ಮೊದಲು ಅವರು ಕೆಳಗೆ ನೋಡುತ್ತಾರೆ. ವಿಧವೆಯಾದ ತಾಯಿ ನಿಂತಿದ್ದಾಳೆ. ಪಕ್ಕದಲ್ಲಿ ಪ್ರೀತಿಯ ಶಿಷ್ಯ. ತಾಯಿಯನ್ನು ಶಿಷ್ಯನಿಗೆ, ಶಿಷ್ಯನನ್ನು ತಾಯಿಗೆ ಒಪ್ಪಿಸುತ್ತಾರೆ. ಅಂದಿನಿಂದ ಆ ಶಿಷ್ಯ ಅವಳನ್ನು ತನ್ನ ಮನೆಗೆ ಸೇರಿಸಿಕೊಂಡ. ಅದಾದ ಬಳಿಕವೇ ಎಲ್ಲವೂ ಪೂರೈಸಿತೆಂದು ತಿಳಿದು ಯೇಸು ತಲೆಬಾಗಿ ಪ್ರಾಣ ಬಿಟ್ಟರೆಂದು ಯೊವಾನ್ನ ಬರೆಯುತ್ತಾನೆ.

ಮೊದಲು ಕಲ್ಲು, ಆಮೇಲೆ ಪಿನ್ನು. ದೇವಪುತ್ರನೇ ಈ ಕ್ರಮವನ್ನು ಮೀರಲಿಲ್ಲ. ಲೋಕವನ್ನು ರಕ್ಷಿಸುವ ಅವಸರದಲ್ಲಿ ಅವರು ತಾಯಿಯನ್ನು ಇಳಿಜಾರಿನಲ್ಲಿ ಬಿಟ್ಟು ಹೋಗಲಿಲ್ಲ. ನಾನಾದರೋ ಒಂದು ಸಂಸ್ಕಾರ ಕೊಡುವ ಅವಸರದಲ್ಲಿ ಒಂದು ಮಗುವಿನ ಜೀವವನ್ನೇ ಮರೆತಿದ್ದೆ. ಧರ್ಮದ ಕೆಲಸಕ್ಕೆ ಹೊರಟವನಿಗೆ ಇದು ದೊಡ್ಡ ಎಚ್ಚರಿಕೆ. ಒಳ್ಳೆಯ ಕೆಲಸ ಎಂಬುದು ಅವಸರಕ್ಕೆ ಪರವಾನಗಿ ಅಲ್ಲ.

ಕಲ್ಲುಗಳು ಯಾವುವು?

ಉಪದೇಶ ಗಾಳಿಯಲ್ಲಿ ಹೋಗಬಾರದೆಂದು ಕೆಲವು ಗಟ್ಟಿ ವಿಷಯಗಳನ್ನು ಹೇಳುತ್ತೇನೆ.

ಮೊದಲನೆಯ ಕಲ್ಲು ಮಾತು. ಬೇರೆ ಮನೆ ಮಾಡುವವರು, ವಿದೇಶಕ್ಕೆ ಹೊರಡುವವರು ಒಂದು ಸಂಜೆ ಎಲ್ಲರೂ ಎದುರು ಕುಳಿತು ಮಾತಾಡಿ. ಔಷಧಿ, ಬ್ಯಾಂಕು, ತೋಟ, ಕರೆಂಟು ಬಿಲ್ಲು, ಭಾನುವಾರ ಇಗರ್ಜಿಗೆ ಕರೆದೊಯ್ಯುವವರು ಯಾರು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅನಂತರ ಜೊತೆಯಾಗಿ ಒಂದು ಜಪಸರ ಹೇಳಿ.

ಎರಡನೆಯ ಕಲ್ಲು ಕಾಗದ. ಪ್ರೀತಿ ಇದ್ದಲ್ಲಿ ಕಾಗದ ಏಕೆ ಎನ್ನಬೇಡಿ. ಕ್ರೈಸ್ತರು ಉಯಿಲು ಬರೆಯದೆ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮಕ್ಕಳಿರುವ ವಿಧವೆಗೆ ಮೂರನೆಯ ಒಂದು ಪಾಲು, ಮಕ್ಕಳಿಗೆ ಉಳಿದ ಎರಡು ಪಾಲು. ಎಷ್ಟೋ ತಾಯಂದಿರಿಗೆ ಇದು ತಿಳಿದಿಲ್ಲ. ಬದುಕಿರುವಾಗಲೇ ಮನೆಯನ್ನು ಮಕ್ಕಳಿಗೆ ದಾನಪತ್ರ ಮಾಡುವವರು, "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಅದರಲ್ಲಿಯೇ ಬರೆಸಿ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯಲ್ಲಿ, ಅಂಥ ಷರತ್ತು ಮುರಿದರೆ ಆ ಹಸ್ತಾಂತರವನ್ನು ರದ್ದು ಮಾಡಿಸುವ ಅವಕಾಶವಿದೆ. ಇದು ಮಕ್ಕಳ ಮೇಲಿನ ಸಂಶಯವಲ್ಲ. ಗಾಲಿಗೆ ಕಲ್ಲು ಇಟ್ಟರೆ ಟ್ರೈಲರಿಗೆ ಅವಮಾನವೇ?

ಮೂರನೆಯ ಕಲ್ಲು ಮನುಷ್ಯ. ಪ್ರತಿ ವಾಳೆಯಲ್ಲಿ ಒಬ್ಬಂಟಿಯಾಗಿರುವ ಹಿರಿಯರಿದ್ದಾರೆ. ಅವರ ಮಕ್ಕಳು ದೂರದಲ್ಲಿದ್ದಾರೆ, ಕೆಟ್ಟವರಲ್ಲ. ಶಿಲುಬೆಯ ಬುಡದಲ್ಲಿ ನಿಂತ ಶಿಷ್ಯ ಮರಿಯಮ್ಮನವರ ಹೆತ್ತ ಮಗನಾಗಿರಲಿಲ್ಲ. ಭಾನುವಾರ ಯಾರ ಬೆಂಚು ಖಾಲಿ ಇದೆಯೆಂದು ನೋಡಿ. ಮೂರು ಭಾನುವಾರ ಕಾಯಬೇಡಿ.

ಆ ತಾಯಿ ಮತ್ತು ಮಗನ ಕತೆ ಏನಾಯಿತೆಂದು ನೀವು ಕೇಳಬಹುದು. ನಾನು ಉಡುಪಿಗೆ ಹೋಗಿ ಮಗನ ಬಳಿ ಕ್ಷಮೆ ಕೇಳಿದೆ. ಆಮೇಲೆ ತಾಯಿಯ ಬಳಿ. ಒಂದು ಸಂಜೆ ಮೂವರೂ ಕುಳಿತು ಆ ಹಾಳೆ ಬರೆದರು. ಅವರು ಮತ್ತೆ ಒಂದೇ ಮನೆಯಲ್ಲಿ ಸೇರಲಿಲ್ಲ, ಸೇರಬೇಕಾಗಿಯೂ ಇರಲಿಲ್ಲ. ಶನಿವಾರ ಮಗ ಬರುತ್ತಾನೆ, ಮಾತ್ರೆ ತರುತ್ತಾನೆ. ಸೊಸೆ ಪ್ರತಿ ವಾರ ಬರುವುದಿಲ್ಲ. ಬಂದ ದಿನ ಅತ್ತೆ ಅಡುಗೆಮನೆಯಿಂದ ಹೊರಗೆ ಕೂರುತ್ತಾಳೆ. ಅವಳಿಗೆ ಅದು ಸುಲಭವಲ್ಲ. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಭಾರ ಕಲ್ಲಿನ ಮೇಲೆ ಕೂತಿದೆ ಎಂದಷ್ಟೇ ಹೇಳಬಲ್ಲೆ.

ಗೋಡೆಯನ್ನು ಮತ್ತೆ ಕಟ್ಟಿಸಿದೆವು, ನಳ್ಳಿಯನ್ನು ಬೇರೆ ಕಡೆಗೆ ಹಾಕಿಸಿದೆವು. ಎರಡು ದೊಡ್ಡ ಕಪ್ಪುಕಲ್ಲುಗಳನ್ನು ಆ ಏರಿನ ತಲೆಯಲ್ಲಿ ಕಾಯಂ ಇಡಿಸಿದೆ. ನನ್ನ ಬಳಿಕ ಬಂದ ಗುರುಗಳಿಗೆ ಬೀಗದ ಕೈ ಒಪ್ಪಿಸುವಾಗ ಮೊದಲು ತೋರಿಸಿದ್ದು ಆ ಕಲ್ಲುಗಳನ್ನು.

ಪ್ರಾರ್ಥಿಸೋಣ: ಪ್ರಭುವೇ, ನಮ್ಮ ಅವಸರವನ್ನು ತಡೆಯಿರಿ. ನಾವು ಬಿಟ್ಟು ಹೋಗುವವರ ಕಡೆಗೆ ಹೋಗುವ ಮೊದಲು ಒಮ್ಮೆ ತಿರುಗಿ ನೋಡುವ ಕಣ್ಣು ಕೊಡಿ. ಬಿಟ್ಟುಕೊಡಬೇಕಾದವರಿಗೆ ಬಿಡುವ ಧೈರ್ಯವನ್ನೂ, ಹೊರಟವರಿಗೆ ಹಿಂದಿರುಗುವ ದಾರಿಯನ್ನೂ, ಒಬ್ಬಂಟಿಯಾಗಿ ಉಳಿದವರಿಗೆ ಆತುಕೊಳ್ಳಲು ಒಂದು ಆಸರೆಯನ್ನೂ ಅನುಗ್ರಹಿಸಿ. ನಮ್ಮೆಲ್ಲರ ಭಾರ ಹೊತ್ತ ಬಂಡೆ ನೀವೇ. ಆಮೆನ್.